ಒಲೆಗೆ ಏನು ಹಾಕ್ಲಿ?

ಮೊನ್ನೆ ಗೆಳತಿಯ ಹೊಸ ಮನೆಯ ಒಕ್ಕಲಿಗೆಂದು ಚೆಟ್ಟಳ್ಳಿಯಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಯಾವುದೋ ತೋಟದ ಬೇಲಿಯಾಚೆಯಿಂದ ಹೊಗೆ ಬಂದು ಮೂಗಿಗೆ ಬಡಿಯಿತು. ಬುದ್ಧಿ ಬಂದಾಗಿನಿಂದ ಸೌದೆ ಒಲೆಯ ಮುಂದೆ ಕೂತವಳು ನಾನು. ಉರಿಯುತ್ತಿರುವುದು ಯಾವ ಮರವೆಂದು ವಾಸನೆಯಲ್ಲೇ ಹೇಳಬಲ್ಲೆ. ಇದು ಹಳೆಯ ಅರೇಬಿಕಾ ಗಿಡದ ಬುಡ. ಬೋರರ್ ಹುಳ ಕಾಂಡ ಕೊರೆದ ಗಿಡಗಳನ್ನು ಕಿತ್ತು ಅಲ್ಲೇ ಸುಡುತ್ತಿದ್ದಾರೆ. ನಡು ರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಜೀಪಿನವನು ಹಾರ್ನ್ ಬಡಿದು, "ಎಂತ ಅಮ್ಮ, ರಸ್ತೆಯಲ್ಲಿ ನಿಂತು ತಪಸ್ಸು ಮಾಡುದಾ?" ಎಂದ. ಅವನಿಗೇನು ಗೊತ್ತು? ಆ ಹೊಗೆ ನನ್ನನ್ನು ನಕಾಟೊ ಎಂಬ ಹುಡುಗಿ ಇದ್ದ ಆ ಹೂಮಳೆಯ ಕಾಲಕ್ಕೆ ಎಳೆದುಕೊಂಡು ಹೋಗಿತ್ತು.

ರೇಡಿಯೋದಲ್ಲಿ ಬಹುಕಾಲ ರೈತರ ಕಾರ್ಯಕ್ರಮ ನಡೆಸಿ ನಾನು ನಿವೃತ್ತಳಾದ ಮರುವರ್ಷದ ಮಾತು. ಮನೆಯಲ್ಲಿ ಸುಮ್ಮನೆ ಕೂತು ಕೈಕಾಲು ಜೋಮು ಹಿಡಿದಿತ್ತು. ಆಗ ಒಂದು ಫೋನ್ ಬಂತು. ಆಫ್ರಿಕಾದ ಕಾಫಿ ಬೆಳೆಯುವ ದೇಶಗಳಿಂದ ಆರು ಮಂದಿ ಯುವ ವಿಜ್ಞಾನಿಗಳು ಬರುತ್ತಾರೆ, ಚೆಟ್ಟಳ್ಳಿ ಹತ್ತಿರದ ಒಂದು ಎಸ್ಟೇಟ್ ಬಂಗಲೆಯಲ್ಲಿ ಮೂರು ತಿಂಗಳು ಇರುತ್ತಾರೆ, ತಮ್ಮ ಸಂಶೋಧನೆಯನ್ನು ಸಾಮಾನ್ಯ ಜನಕ್ಕೆ ತಿಳಿಯುವ ಹಾಗೆ ಹೇಳುವುದನ್ನು ಅವರಿಗೆ ನೀವು ಕಲಿಸಬೇಕು ಎಂದರು. "ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ ಸ್ವಾಮಿ" ಎಂದೆ. "ಅದಕ್ಕೇ ನೀವು ಬೇಕು" ಎಂದರು. ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ಒಪ್ಪಿಕೊಂಡೆ.

ಆಮೇಲೆ ತಿಳಿಯಿತು, ನನ್ನ ಅರೆಬರೆ ಇಂಗ್ಲಿಷೇ ನನಗೆ ಬೆತ್ತವಾಗಿತ್ತು. ಅವರು ಹೇಳಿದ್ದು ನನಗೆ ಅರ್ಥವಾಗದಿದ್ದರೆ ಮತ್ತೆ ಹೇಳಲೇಬೇಕು. ನನಗೆ ಅರ್ಥವಾದ ಮೇಲೆ ಅಡುಗೆಮನೆಯಲ್ಲಿ ಎರಡನೇ ಪರೀಕ್ಷೆ. ಬಂಗಲೆಯ ಅಡುಗೆಯವಳು ಕುಸುಮಕ್ಕ, ಗಾಳಿಬೀಡಿನವಳು, ಮನೆಮಾತು ಅರೆಭಾಷೆ. ಅವಳು ಈರುಳ್ಳಿ ಹೆಚ್ಚುತ್ತಿರುವಾಗ ಇವರು ಒಬ್ಬೊಬ್ಬರಾಗಿ ಮುಂದೆ ನಿಂತು ತಮ್ಮ ಕೆಲಸದ ಬಗ್ಗೆ ಹೇಳಬೇಕು, ನಾನು ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ಕುಸುಮಕ್ಕನ ಚಾಕು ನಿಂತರೆ ಪಾಸು. ಮೊದಲ ವಾರ ಚಾಕು ನಿಲ್ಲಲೇ ಇಲ್ಲ. ಮಣ್ಣಿನ ಬಗ್ಗೆ ಓದಿದ್ದ ಮಲಾವಿಯ ಹುಡುಗ ಅರ್ಧ ಗಂಟೆ ಬೆವರಿಳಿಸಿದ ಮೇಲೆ ಕುಸುಮಕ್ಕ ತಲೆಯೆತ್ತಿ, "ಪಾಪ ಮಾರಾಯ್ತಿ, ಈ ಹುಡುಗನಿಗೆ ಎಂತಾದರೂ ತಿನ್ನಲಿಕ್ಕೆ ಬೇಕಾ ಕೇಳಿ" ಎಂದಳು. ಎಲ್ಲರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು, ಅವನೂ ಸೇರಿ.

ನಗದೆ ಇದ್ದವಳು ನಕಾಟೊ ಒಬ್ಬಳೇ. ಉಗಾಂಡದ ಹುಡುಗಿ, ಎತ್ತರ, ಸಣಕಲು ಮೈ, ಬಿಗಿಯಾಗಿ ಹೆಣೆದ ಕೂದಲು. ಅವಳಿ ಹೆಣ್ಣುಮಕ್ಕಳಲ್ಲಿ ಎರಡನೆಯವಳಿಗೆ ಅವರ ಕಡೆ ಇಡುವ ಹೆಸರಂತೆ ಅದು. ಊಟದಲ್ಲಿ ಬಾಳೆಕಾಯಿ ಪಲ್ಯ ಇದ್ದ ದಿನ ಮಾತ್ರ ಅವಳ ಮುಖ ಅರಳುತ್ತಿತ್ತು. ಉಳಿದಂತೆ ಕೆಲಸ, ಕೆಲಸ, ಕೆಲಸ. ಮಾತಾಡು ಎಂದರೆ ಬರೆದುಕೊಂಡದ್ದನ್ನು ತಲೆ ತಗ್ಗಿಸಿ ಓದುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ, "ನಿಮ್ಮಮ್ಮನ ಹತ್ತಿರವೂ ಹೀಗೇ ಮಾತಾಡ್ತೀಯೇನೇ?" ಎಂದು ಗದರಿಸಿಬಿಟ್ಟೆ.

ಅವಳು ಹೋಗಿ ಜಗಲಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅವಳ ಕೆಲಸ ಕಾಫಿ ಗಿಡ ಒಣಗಿಸುವ ಒಂದು ರೋಗದ ಮೇಲೆ. ನಮ್ಮಲ್ಲಿ ಅದಿಲ್ಲ, ದೇವರ ದಯ. ಮಣ್ಣಲ್ಲಿ, ಕಾಂಡದಲ್ಲಿ ಹಬ್ಬುವ ಶಿಲೀಂಧ್ರ. ಒಂದು ಗಿಡಕ್ಕೆ ಬಂದರೆ ಆ ಗಿಡ ಮುಗಿಯಿತು. ರೋಗದ ಗಿಡವನ್ನು ನಿಂತಲ್ಲೇ ಕಿತ್ತು ಸುಡಬೇಕು. ಎಳೆದುಕೊಂಡು ಹೋದರೆ ದಾರಿಯುದ್ದಕ್ಕೂ ರೋಗ ಬಿತ್ತಿದ ಹಾಗೆ. ಹಿಂದಿನ ವರ್ಷ ಅವಳು ತನ್ನೂರಿಗೆ ಹೋಗಿ ಹಲಸಿನ ಮರದ ಕೆಳಗೆ ಜನರನ್ನು ಸೇರಿಸಿ ಇದನ್ನೇ ಹೇಳಿದ್ದಳು. ಎಲ್ಲರೂ ಕೇಳಿದರು. ಮಾರನೇ ವಾರ ಎಲ್ಲರೂ ಒಣಗಿದ ಗಿಡಗಳನ್ನು ಎಳೆದುಕೊಂಡು ಮನೆಗೆ ಸಾಗಿಸಿದರು. ಅವಳಮ್ಮನೂ.

"ಆ ತೋಟದ ಕಾಫಿಯಲ್ಲೇ ಅಮ್ಮ ನಮ್ಮಿಬ್ಬರನ್ನೂ ಓದಿಸಿದ್ದು" ಎಂದಳು. ಇಲ್ಲಿಂದ ಹೋದ ಮೇಲೆ ಅದೇ ಮರದ ಕೆಳಗೆ ಅವಳು ಮತ್ತೆ ಮಾತಾಡಬೇಕಿತ್ತು. ಆಗಲೂ ಊರವರು ಕೇಳದಿದ್ದರೆ ಆ ಇಳಿಜಾರಿನಲ್ಲಿ ಕಾಫಿ ಉಳಿಯುವುದಿಲ್ಲ. "ನನ್ನ ಮಾತನ್ನು ನಮ್ಮಮ್ಮನೇ ಕೇಳಲಿಲ್ಲ. ಇನ್ನು ಯಾರಿಗೆ ಹೇಳಲಿ ನಾನು?"

"ಇನ್ನು ಮೇಲೆ ನನ್ನನ್ನು ಮೇಡಂ ಅನ್ನಬೇಡ, ಅಕ್ಕ ಅನ್ನು" ಎಂದೆ. ಅಷ್ಟೇ ನನ್ನ ಕೈಲಾದದ್ದು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೋಡ ಕಟ್ಟಿ, ಗುಡುಗಿ, ಹೂಮಳೆ ಬಿತ್ತು. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ: ಕಾಫಿ ಮೊಗ್ಗು ಅರಳಲು ಬೇಸಿಗೆಯಲ್ಲಿ ಬೀಳಬೇಕಾದ ಮಳೆ ಇದು. ಬಿದ್ದರೆ ವರ್ಷದ ಅನ್ನ. ಮಳೆ ನಿಂತಿತೋ ಇಲ್ಲವೋ, ಬಂಗಲೆಯ ಫೋನು, ನನ್ನ ಫೋನು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫೋನು ಎಲ್ಲಾ ಒಟ್ಟಿಗೆ ಬಾಯಿ ಬಿಟ್ಟವು. ಇಡೀ ಜಿಲ್ಲೆಯೇ ಹಾಗೆ. ಆ ಹೊತ್ತಿನಲ್ಲಿ ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ ಎಂದು ಯಾರೂ ಕೇಳುವುದಿಲ್ಲ. "ನಮ್ಮಲ್ಲಿ ಎಂಬತ್ತು ಸೆಂಟ್. ನಿಮ್ಮಲ್ಲಿ?" ನೂರು ಸೆಂಟ್ ಎಂದರೆ ಒಂದಿಂಚು ಮಳೆ. ಮನೆಮನೆಯಲ್ಲೂ ಮಳೆ ಅಳೆಯುವ ಪಾತ್ರೆ ಇರುತ್ತದೆ. ಮೂರ್ನಾಡಿನಿಂದ ನನ್ನ ಗೆಳತಿ, "ನಮ್ಮದು ಕೇಳ್ಬೇಡ, ಬರೀ ಹದಿನೈದು. ಪಕ್ಕದ ತೋಟಕ್ಕೆ ಸುರಿದು ನಮ್ಮ ಬೇಲಿ ಹತ್ತಿರ ಬಂದು ನಿಂತಿತು, ದರಿದ್ರದ್ದು!" ಎಂದು ಮಳೆಗೇ ಬೈದಳು.

ನಕಾಟೊ ಕಣ್ಣರಳಿಸಿ ನೋಡುತ್ತಿದ್ದಳು. "ಹೀಗೆ ಅಳೆದು ಹೇಳಿ ಅಂತ ಇವರಿಗೆ ಹೇಳಿದ್ದು ಯಾರು ಅಕ್ಕ?"

"ಯಾರು ಹೇಳ್ತಾರೆ? ಯಾರೂ ಇಲ್ಲ."

"ಕಡಿಮೆ ಬಂದವರಿಗೆ ಹೇಳಿಕೊಳ್ಳಲು ನಾಚಿಕೆ ಆಗಲ್ವಾ?"

"ಮಳೆ ಬಾರದಿದ್ರೆ ಅವರ ತಪ್ಪೇನೇ? ಮೊದಲು ನಮ್ಮದು ಹೇಳೋದು, ಆಮೇಲೆ ಅವರದು ಕೇಳೋದು. ಅದೇ ಮರ್ಯಾದೆ."

"ಗಿಡಕ್ಕೆ ರೋಗ ಬಂದರೂ ಹೀಗೇ ಫೋನ್ ಮಾಡಿ ಹೇಳ್ತಾರಾ?" ಎಂದಳು. ನಾನು ನಕ್ಕುಬಿಟ್ಟೆ. ಬೋರರ್ ಬಂದಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳುವುದುಂಟೇ! ತೋಟ ನೋಡಿಕೊಳ್ಳಲು ಬಾರದವನು ಎಂದು ಊರೆಲ್ಲ ಆಡಿಕೊಳ್ಳುವುದಿಲ್ಲವೇ? ವಾರ ಕಳೆಯುವಷ್ಟರಲ್ಲಿ ಬಂಗಲೆಯ ಸುತ್ತಲ ರೋಬಸ್ಟಾ ಒಮ್ಮೆಲೇ ಅರಳಿತು. ಆ ಆರೂ ಮಂದಿ ತಮ್ಮೂರಿನ ವಾಸನೆ ಇದು ಎನ್ನುತ್ತಾ ತೋಟದೊಳಗೆ ಹುಚ್ಚರ ಹಾಗೆ ಓಡಾಡಿದ್ದು, ಮಲಾವಿಯ ಹುಡುಗ ಕುಸುಮಕ್ಕನ ಮುಡಿಗೆ ಕಾಫಿ ಹೂವು ಸಿಕ್ಕಿಸಲು ಹೋಗಿ ಬೈಸಿಕೊಂಡದ್ದು, ಈಗ ನೆನೆದರೂ ಎದೆ ತುಂಬಿ ಬರುತ್ತದೆ.

ತರಬೇತಿಯ ಕೊನೆಗೆ ಒಬ್ಬೊಬ್ಬರೂ ನಿಜವಾದ ರೈತರ ಮುಂದೆ ಮಾತಾಡಬೇಕಿತ್ತು. ನಕಾಟೊಳನ್ನು ನಾನು ನನ್ನ ತವರಿಗೇ ಕರೆದುಕೊಂಡು ಹೋದೆ. ಶನಿವಾರಸಂತೆ ಕಡೆಯ ಹಳ್ಳಿ, ಅರೇಬಿಕಾ ತೋಟ, ಗದ್ದೆ, ಲಿಂಗವಂತರ ಮನೆಗಳು. ನಮ್ಮಣ್ಣ ಮಲ್ಲಣ್ಣ, ಊರವರ ಬಾಯಲ್ಲಿ ಮಲ್ಲಪ್ಪ, ಅಲ್ಲಿ ಹಿರಿಯ. ತೋಟ ಅಂದರೆ ಮಲ್ಲಪ್ಪನ ತೋಟ ಎಂದು ಹೆಸರು ಮಾಡಿದವನು. ಮನೆ ಮುಂದಿನ ಕಾಫಿ ಒಣಗಿಸುವ ಕಣದಲ್ಲಿ ಜಮಖಾನ ಹಾಸಿ ಊರವರನ್ನು ಕರೆಸಿದ್ದ. ರೋಗದ ಗಿಡವನ್ನು ಯಾಕೆ ತಕ್ಷಣ ಸುಡಬೇಕು ಎಂಬುದು ಅವಳ ವಿಷಯ. ಅವರದು ಶಿಲೀಂಧ್ರ, ನಮ್ಮದು ಹುಳ. ಮದ್ದು ಮಾತ್ರ ಎರಡಕ್ಕೂ ಒಂದೇ: ಬೆಂಕಿ.

ಅವಳು ಎದ್ದು ನಿಂತವಳೇ ಎರಡೂ ಕೈ ಮೇಲೆತ್ತಿ ತನ್ನ ಭಾಷೆಯಲ್ಲಿ ಒಂದು ಕೂಗು ಹಾಕಿದಳು. ಅವರ ಕಡೆ ಸಭೆ ಶುರುವಾಗುವುದೇ ಹಾಗಂತೆ: ಮಾತಾಡುವವರು ಕೂಗಬೇಕು, ಕೂತವರು ಮರುಕೂಗಿ ಒಟ್ಟಿಗೆ ಚಪ್ಪಾಳೆ ತಟ್ಟಬೇಕು. ನಮ್ಮವರೋ, ಕೈಕಟ್ಟಿ ಕೂತವರು ಕೂತೇ ಇದ್ದರು. ಅವಳು ಇನ್ನೊಮ್ಮೆ ಕೂಗಿದಳು. ಹಿಂದಿನ ಸಾಲಿನ ಅಜ್ಜ ಪಕ್ಕದವನಿಗೆ, "ಏನಾಯ್ತಪ್ಪಾ ಕೂಸಿಗೆ?" ಎಂದದ್ದು ನನಗೂ ಕೇಳಿಸಿತು. ಪಾಪದ ಹುಡುಗಿ ಕಲಿಸಿದ್ದೆಲ್ಲ ಮರೆತು, ಮತ್ತೆ ಓದಿದ ಪಾಠ ಒಪ್ಪಿಸಲು ಶುರು ಮಾಡಿದಳು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ನನಗೇ ಆಕಳಿಕೆ ಬಂತು. ಮುಗಿದ ಮೇಲೆ, ಏನಾದರೂ ಕೇಳುವುದಿದೆಯೇ ಎಂದರೆ ಯಾರೂ ಉಸಿರೆತ್ತಲಿಲ್ಲ. ಮಲ್ಲಣ್ಣ ಗಂಟಲು ಸರಿಮಾಡಿಕೊಂಡು, "ಬಾಳ ಚೆನ್ನಾಗಿ ಯೋಳಿದ್ರಿ. ಎಲ್ಲಾರೂ ಕಾಫಿ ಕುಡ್ಕೊಂಡು ಹೋಗಿ" ಎಂದ. ಹಲಸಿನ ಮರದ ಕೆಳಗೆ ಆದದ್ದೇ ಇಲ್ಲೂ ಆಯಿತು ಎಂದು ಅವಳ ಮುಖದಲ್ಲೇ ಬರೆದಿತ್ತು.

ಪಾರ್ವತತ್ತಿಗೆ, ಅಂದರೆ ಮಲ್ಲಣ್ಣನ ಹೆಂಡತಿ, ಕೈತೊಳೆಯಲೆಂದು ನಮ್ಮಿಬ್ಬರನ್ನೂ ಹಿತ್ತಿಲಿಗೆ ಕರೆದುಕೊಂಡು ಹೋದಳು. ಬಚ್ಚಲ ಗೋಡೆಗೆ ಒರಗಿಸಿ, ಒಂದರ ಮೇಲೊಂದು ಒಪ್ಪವಾಗಿ ಸೌದೆ ಪೇರಿಸಿತ್ತು. ನಕಾಟೊ ಕೈ ತೊಳೆಯುವುದನ್ನು ಬಿಟ್ಟಳು. ಹೋಗಿ ಒಂದು ತುಂಡು ಎಳೆದು, ಕಲ್ಲಿಗೆ ಕುಟ್ಟಿದಳು. ಹಿಟ್ಟಿನಂಥ ಪುಡಿ ಉದುರಿತು. ಒಳಗೆಲ್ಲ ಸುರಂಗ. ಎಲ್ಲಾ ಕಾಫಿ ಗಿಡದ ಬುಡಗಳು, ಎಲ್ಲಾ ಬೋರರ್. ಮುಂದಿನ ತಿಂಗಳು ಹುಳ ರೆಕ್ಕೆ ಬಲಿತು ಹೊರಬಂದರೆ ನೆಟ್ಟಗೆ ತೋಟಕ್ಕೇ ಹಾರುತ್ತದೆ.

"ಕಾಫಿ ಸೌದೆ ಕಣವ್ವ" ಎಂದಳು ಅತ್ತಿಗೆ, ಹೆಮ್ಮೆಯಿಂದ. "ಕೆಂಡ ಬಾಳ ಹೊತ್ತು ನಿಲ್ತದೆ. ಮಳೆಗಾಲಕ್ಕೆ ಅಂತ ಮಡಗಿದೀನಿ. ಕಿತ್ತಿದ್ ಗಿಡಾನ ತಂದು ಇಲ್ಲೇ ಒಟ್ಟೋದು, ನಮ್ಮತ್ತೆ ಕಾಲದಿಂದ್ಲೂವೆ."

ನಮ್ಮತ್ತೆ ಎಂದರೆ ನನ್ನಮ್ಮ. ಆ ಗೋಡೆಗೆ ಒರಗಿಸಿ ಅಮ್ಮ ಸೌದೆ ಒಟ್ಟುತ್ತಿದ್ದುದನ್ನು ನಾನೂ ನೋಡಿದ್ದೇನೆ, ಎತ್ತಿಕೊಟ್ಟಿದ್ದೇನೆ.

ನಕಾಟೊ ಆ ತುಂಡನ್ನು ಕೈಯಲ್ಲಿ ಹಿಡಿದು ಮುಂಬಾಗಿಲ ಕಡೆ ಹೊರಟಳು. ಊರ ಮುಂದೆ ಮಲ್ಲಣ್ಣನ ಮಾನ ಹೋಗುತ್ತದೆ, ಇನ್ನು ಈ ಜನ್ಮದಲ್ಲಿ ಅವನು ನನ್ನನ್ನು ತವರಿಗೆ ಕರೆಯುವುದಿಲ್ಲ ಎಂದು ಅವಳ ತೋಳು ಹಿಡಿದೆ. "ಬೇಡ ಕಣೇ" ಎಂದೆ, ಕನ್ನಡದಲ್ಲೇ. ಅವಳು ತೋಳು ಬಿಡಿಸಿಕೊಂಡಳು. "ನಿಮ್ಮಣ್ಣನ ಬಗ್ಗೆ ಹೇಳಲ್ಲ ಅಕ್ಕ. ನಾನು ಹೇಳಿದ್ದನ್ನಷ್ಟೇ ನೀವು ಹೇಳಿ."

ಕಣದಲ್ಲಿ ಜನ ಕಾಫಿ ಲೋಟ ಹಿಡಿದು ನಿಂತಿದ್ದರು. ಅವಳು ಕೂಗಲಿಲ್ಲ, ಕೈ ಎತ್ತಲಿಲ್ಲ. ಅವರ ನಡುವೆ ಹೋಗಿ ಸೌದೆ ತುಂಡನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಮೆಲ್ಲಗೆ ಮಾತಾಡಿದಳು. ನಾನು ಅವಳ ಮಾತಿಗೆ ಕನ್ನಡ ಕೊಡುತ್ತಾ ಹೋದೆ: "ನಮ್ಮಮ್ಮನ ಅಡುಗೆಮನೆ ಹಿಂದೆಯೂ ಇಂಥದೇ ಸೌದೆ ರಾಶಿ ಇದೆ. ನಾನು ರೋಗದ ಬಗ್ಗೆ ಓದಿದವಳು. ನಮ್ಮಮ್ಮನ ಮನೆಯಲ್ಲೇ ರೋಗದ ಸೌದೆ. ಹೇಳಿಕೊಳ್ಳಲು ನನಗೆ ನಾಚಿಕೆ. ಆದರೂ ಹೇಳುತ್ತೇನೆ. ಹೋದ ವರ್ಷ ನಮ್ಮಲ್ಲಿ ನಲವತ್ತು ಗಿಡ ಹೋದವು." ಅವಳು ತಲೆಯೆತ್ತಿ ಸುತ್ತ ನೋಡಿ, ಆ ಮೂರು ತಿಂಗಳಲ್ಲಿ ಕಲಿತ ನಾಲ್ಕು ಕನ್ನಡ ಮಾತಿನಲ್ಲಿ ಒಂದನ್ನು ತಾನೇ ಆಡಿದಳು: "ನಿಮ್ಮಲ್ಲಿ ಎಷ್ಟು?"

ಮಳೆ ಬಿದ್ದ ಸಂಜೆ ಆಡುವ ಅದೇ ಮಾತು, ಅದೇ ಧಾಟಿ. ಲೋಟ ಹಿಡಿದ ಕೈಗಳೆಲ್ಲ ನಿಂತವು. ಆಗ ಬಾಗಿಲಲ್ಲಿ ನಿಂತಿದ್ದ ಪಾರ್ವತತ್ತಿಗೆ, ಹೆಂಗಸರು ಸಭೆಯಲ್ಲಿ ಬಾಯಿ ಹಾಕದ ಆ ಮನೆಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಆ ಸೌದೆ ನಮ್ ಹಿತ್ಲದ್ದೇ. ಎಲ್ಲಾ ಸುಡಿ ಅಂತೀಯ, ಸುಟ್ಟೇನು. ನಾಳೆ ನನ್ ಒಲೆಗೆ ಏನು ಹಾಕ್ಲಿ? ಅದನ್ನ ಯೋಳವ್ವ ಮೊದ್ಲು. ಮಳೆಗಾಲ್ದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಹೋಗೋದು ನಂದು, ಇವ್ರದಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ನಕಾಟೊಳ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಅವಳು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: "ನಮ್ಮಮ್ಮನೂ ನನ್ನನ್ನು ಇದನ್ನೇ ಕೇಳಿದ್ದಳು. ನಾನು ಅವಳಿಗೆ ಶಿಲೀಂಧ್ರದ ಹೆಸರು ಹೇಳಿದೆ. ನಿಮಗೂ ನನ್ನ ಹತ್ತಿರ ಉತ್ತರ ಇಲ್ಲ ಅಮ್ಮ."

ಮಲ್ಲಣ್ಣ ನೆಲ ನೋಡುತ್ತಾ ನಿಂತಿದ್ದವನು ಲೋಟವನ್ನು ಕಟ್ಟೆಯ ಮೇಲಿಟ್ಟ. "ನಮ್ಮಲ್ಲಿ ಅರವತ್ತರ ಮೇಲೆ ಹೋಗಿದಾವೆ" ಎಂದ. "ಕೆಳಗಡೆ ತೋಟದಲ್ಲಿ." ಮಲ್ಲಪ್ಪನ ತೋಟದಲ್ಲೇ ಅಷ್ಟು ಎಂದ ಮೇಲೆ ಉಳಿದವರಿಗೆ ಬಾಯಿ ಬಂತು. ನಮ್ಮಲ್ಲಿ ಮೂವತ್ತು, ನಮ್ಮಲ್ಲಿ ಲೆಕ್ಕವೇ ಇಟ್ಟಿಲ್ಲ, ನಮ್ಮ ಮನೆಯವಳೂ ಹೀಗೇ ಒಟ್ಟವಳೆ, ಅಂತ ಒಬ್ಬರ ಮೇಲೊಬ್ಬರು. ಹೂಮಳೆ ಬಿದ್ದ ಸಂಜೆಯ ಹಾಗೆಯೇ ಗದ್ದಲ. ಪಕ್ಕದ ತೋಟದ ರುದ್ರಪ್ಪ ಅತ್ತಿಗೆಯ ಕಡೆ ತಿರುಗಿ, "ಮರ ಕಪಾತು ಮಾಡಿಸಿದ್ ಕೊಂಬೆ ನಮ್ ತೋಟದಲ್ಲಿ ಸುಮ್ನೆ ಕೊಳೀತಾ ಬಿದ್ದಾವೆ. ಟ್ರಾಕ್ಟರಲ್ಲಿ ಒಂದ್ ಲೋಡು ಕಳಿಸ್ತೀನಿ ಪಾರ್ವತಕ್ಕ. ಒಣಗಿರೋ ಸೌದೆ. ನೀವು ಆ ಬೋರರ್ ಸೌದೆ ಸುಡಿ" ಎಂದ. ನೆರಳಿಗೆಂದು ಬೆಳೆಸಿದ ಮರಗಳ ಕೊಂಬೆ ಕಡಿಸಿದ್ದು, ಆ ಊರಲ್ಲಿ ಎಲ್ಲರ ತೋಟದಲ್ಲೂ ಬೇಕಾದಷ್ಟು ಬಿದ್ದಿತ್ತು. ಅತ್ತಿಗೆ, "ಲೋಡು ಬರ್ಲಿ, ಆಮೇಲೆ ಬೆಂಕಿ" ಎಂದಳು. ಯಾರನ್ನೂ ಸುಲಭಕ್ಕೆ ನಂಬುವವಳಲ್ಲ ಅವಳು.

ಮೂರು ಗಂಟೆಯ ಹೊತ್ತಿಗೆ ಟ್ರಾಕ್ಟರ್ ಬಂತು. ಅತ್ತಿಗೆ ಕೊಂಬೆಗಳನ್ನು ಮುರಿದು ನೋಡಿ, ಒಣಗಿದೆ ಎಂದು ಖಾತ್ರಿ ಮಾಡಿಕೊಂಡು, ಬೆಂಕಿಪೊಟ್ಟಣವನ್ನು ತಾನೇ ತಂದಳು. ನನ್ನಮ್ಮನ ಕಾಲದಿಂದ ಒಟ್ಟುತ್ತಾ ಬಂದ ಸೌದೆಯ ಜಾಗ ಬರಿದಾಯಿತು. ನಕಾಟೊ ಬೆಂಕಿಯ ಹತ್ತಿರವೇ ಕೂತಿದ್ದಳು, ಹೊಗೆಗೋ ಏನೋ ಕಣ್ಣು ಒರೆಸಿಕೊಳ್ಳುತ್ತಾ. ನಾನೂ ಅತ್ತೆ. ಸುಳ್ಳೇಕೆ ಹೇಳಲಿ?

ಏಪ್ರಿಲ್ ಮುಗಿಯುವಷ್ಟರಲ್ಲಿ ಅವರೆಲ್ಲ ಹೊರಟರು. ಕುಸುಮಕ್ಕ ಒಬ್ಬೊಬ್ಬರಿಗೂ ಒಂದೊಂದು ಪೊಟ್ಟಣ ಒಳ್ಳೆಮೆಣಸಿನ ಕಾಳು ಕಟ್ಟಿಕೊಟ್ಟು, ಮಲಾವಿಯ ಹುಡುಗನಿಗೆ ಮಾತ್ರ ಎರಡು ಕೊಟ್ಟಳು. ನಕಾಟೊ ನನ್ನನ್ನು ಬಿಗಿಯಾಗಿ ತಬ್ಬಿಕೊಂಡು ವ್ಯಾನ್ ಹತ್ತಿದಳು. ಮಳೆಗಾಲ ಹಿಡಿದ ಮೇಲೆ ಒಂದು ಸಂದೇಶ ಬಂತು: "ಮಾತಾಡಿದೆ ಅಕ್ಕ. ನೋಡೋಣ." ಆಮೇಲೆ ವರ್ಷಗಳು ಉರುಳಿದವು. ಹಬ್ಬಕ್ಕೆ ಅವಳಿಂದ ಒಂದು ಶುಭಾಶಯ, ಕ್ರಿಸ್‌ಮಸ್ಸಿಗೆ ನನ್ನಿಂದ ಒಂದು. ಆ ಹಲಸಿನ ಮರದ ಕೆಳಗೆ ಏನಾಯಿತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೇಳಲು ಭಯ. ಒಳ್ಳೆಯದಾಗಿದ್ದರೆ ಅವಳೇ ಹೇಳುತ್ತಿರಲಿಲ್ಲವೇ ಎಂದು ಒಳಗೊಳಗೇ ಕೊರಗು.

ಮೊನ್ನೆ ಒಕ್ಕಲಿನ ಊಟ ಮುಗಿಸಿ ಬಂಗಲೆಯ ಕಡೆ ಹೋದೆ. ಈಗ ಅದು ಹೋಂಸ್ಟೇ. ಗೇಟಿನಲ್ಲಿದ್ದವನು, "ಬುಕಿಂಗ್ ಇದೆಯಾ ಅಮ್ಮ?" ಎಂದ. ಒಳಗೆ ಹೋಗಲಿಲ್ಲ, ಗೇಟಿನಿಂದಲೇ ಜಗಲಿಯ ಮೆಟ್ಟಿಲು ಕಾಣಿಸಿತು, ಸಾಕಾಯಿತು. ಮನೆ ಸೇರುವಷ್ಟರಲ್ಲಿ ಮೋಡ ಕಟ್ಟಿತು, ಈ ವರ್ಷದ ಮೊದಲ ಹೂಮಳೆ. ಮಳೆ ನಿಂತ ಕೂಡಲೇ ಮಲ್ಲಣ್ಣನ ಫೋನ್. "ನಮ್ಮಲ್ಲಿ ಎಪ್ಪತ್ತು ಸೆಂಟ್. ಬೋರರ್ ಹನ್ನೊಂದು, ಎಲ್ಲಾ ಸುಟ್ಟಾಯ್ತು. ನಿಮ್ ಕಡೆ ಎಷ್ಟೇ ಗಿರಿಜ?" ಆ ವರ್ಷದಿಂದ ಅವನು, ಅವನೊಬ್ಬನೇ ಏನು, ಆ ಊರವರೆಲ್ಲ ಮಳೆಯ ಜೊತೆ ಅದನ್ನೂ ಹೇಳುತ್ತಾರೆ.

ಫೋನ್ ಇಟ್ಟ ಮೇಲೆ ಅನ್ನಿಸಿತು: ಛೆ, ಇಷ್ಟು ವರ್ಷ ಕೇಳುವ ದಾರಿ ಗೊತ್ತಿದ್ದೂ ಕೂತೆನಲ್ಲ! ನಕಾಟೊಗೆ ಬರೆದೆ: "ನಮ್ಮಲ್ಲಿ ಅರವತ್ತು ಸೆಂಟ್. ನಮ್ಮಣ್ಣನ ತೋಟದಲ್ಲಿ ಹನ್ನೊಂದು ಗಿಡ. ನಿಮ್ಮಲ್ಲಿ ಎಷ್ಟು?"

ದೀಪ ಹಚ್ಚುವ ಹೊತ್ತಿಗೆ ಉತ್ತರ ಬಂತು. ಬರೆದಿರಲಿಲ್ಲ, ಮಾತಾಡಿ ಕಳಿಸಿದ್ದಳು. ಹಿಂದೆ ಕೋಳಿ ಕೂಗು, ಯಾವುದೋ ಹೆಂಗಸಿನ ಜೋರು ದನಿ, ನಗು. "ಅಕ್ಕಾ! ನಮ್ಮಲ್ಲಿ ಮಳೆ ಇನ್ನೂ ಇಲ್ಲ. ಗಿಡ ಎರಡು. ಈ ಸಲ ಎರಡೇ. ಅಮ್ಮನೇ ನಿಂತು ಅಲ್ಲೇ ಸುಟ್ಟಳು."

ಒಂದೇ ಮಾತು ಬರೆದೆ: "ಒಲೆಗೆ?"

ಅವಳ ನಗು ಮೊದಲು ಕೇಳಿಸಿತು, ಆಮೇಲೆ ಮಾತು. "ಎದುರು ಮನೆಯವರು ಒಂದು ಹೊರೆ ಸೌದೆ ತಂದು ಇಟ್ಟು ಹೋಗಿದ್ದಾರೆ ಅಕ್ಕ. ಅಮ್ಮ ಬೆಳಿಗ್ಗೆ ಬಾಗಿಲು ತೆಗೆಯೋ ಮೊದಲೇ. ಇಲ್ಲಿ ಈಗ ಹಾಗೇ, ಯಾರಾದರೂ ಗಿಡ ಸುಟ್ಟರೆ ಅವರ ಒಲೆಗೆ ಊರಿನವರು ಸೌದೆ ಹಾಕ್ತಾರೆ."

ಫೋನ್ ಕೆಳಗಿಡದೆ ಪಾರ್ವತತ್ತಿಗೆಯ ನಂಬರ್ ಒತ್ತಿದೆ.